ಕುಂಕುಮದ ಕೆಳಗಿನ ನಂಬರು

ಅಚ್ಚಿನಂಗಡಿಯ ಹಿದಾಯತುಲ್ಲಾನ ಕಂಪ್ಯೂಟರ್ ಕೈಕೊಟ್ಟ ಗಳಿಗೆಯೇ ಸರಿಯಿರಲಿಲ್ಲ. ಮಗಳ ಮದುವೆ ಪತ್ರಿಕೆ ಮಾಡಿಸಲು ಯಲ್ದೂರಿನ ಭಾರತಮ್ಮ ನಂಗಲಿಯ ಬೀಗರನ್ನೂ ಶ್ರೀನಿವಾಸಪುರದ ಅವನ ಅಂಗಡಿಗೆ ಕರೆತಂದಿದ್ದರು. ಅವನು ಹೋದ ವರ್ಷದ ಯಾವುದೋ ಪತ್ರಿಕೆ ತೆರೆದು ವಧುವಿನ ಹೆಸರನ್ನು ‘ಮಾನಸ’ ಎಂದು ತಿದ್ದಿದ್ದ. ವರನ ಹೆಸರಿಗೆ ಬರುವಷ್ಟರಲ್ಲಿ ಪರದೆ ನಿಂತೇಹೋಯಿತು. ಮಾನಸಳ ಪಕ್ಕದಲ್ಲಿ ಹಳೆಯ ಪತ್ರಿಕೆಯ ಯಾರೋ ನರೇಶ ಅಲ್ಲಾಡದೆ ಕೂತ.

ವರ ಶಿವಶಂಕರನ ತಂದೆ ಕನ್ನಡಕ ಏರಿಸಿ ಎರಡು ಸಲ ಓದಿ, ಮೆಲ್ಲಗೆ ತೆಲುಗಿನಲ್ಲಿ ಯಾರಿವನೆಂದು ಕೇಳಿದರು: “ಈ ನರೇಶು ಎವರಮ್ಮಾ?”

ಹ್ಯಾಂಗ್ ಆದದ್ದು ಕಂಪ್ಯೂಟರ್, ನೇತುಬಿದ್ದದ್ದು ಹಿದಾಯತುಲ್ಲಾನ ಮುಖ. ಹೆಗಲ ಮೇಲಿನ ಟವೆಲನ್ನು ಪರದೆಗೆ ಹೊದಿಸಿದ.

“ಸಾಯಂಕಾಲದೊಳಗೆ ಸರಿಹೋದ್ರೆ ನಿನ್ ಹತ್ರಾನೇ ಭಾಯ್,” ಎಂದರು ಭಾರತಮ್ಮ. “ಇಲ್ಲಾಂದ್ರೆ ಕೋಲಾರದಲ್ಲಿ ಮಾಡಿಸ್ಕೋತೀವಿ.”

ಹೊಸದು ಕೊಳ್ಳಬಹುದಿತ್ತು. ಆದರೆ ಅವನ ಆ ದುಂಡನೆಯ ಕನ್ನಡ ಅಕ್ಷರಗಳು ಹೊಸ ಯಂತ್ರಗಳಲ್ಲಿ ಮೂಡುವುದಿಲ್ಲ. ಅರ್ಧ ಊರಿನ ಮದುವೆಗಳು ಆ ಅಕ್ಷರಗಳಲ್ಲೇ ನಡೆದಿದ್ದವು. ಒಂದು ಕಾಲದಲ್ಲಿ ರೈತರು ಬರೀ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ನೋಡಿ ಹೋಗಲು ಬರುತ್ತಿದ್ದರು. ಹೋಗುವಾಗ ಮೇಜಿನ ಮೇಲೆ ಎರಡು ಮಾವಿನಹಣ್ಣು ಇಟ್ಟು ಹೋಗುತ್ತಿದ್ದರು.

ರಿಪೇರಿಯ ಚಂದ್ರು ಬಂದ. ಇನ್ನೂ ದೊಡ್ಡ ಪ್ರೊಸೆಸರ್ ಹಾಕಿದರೆ ಚುರುಕಾದೀತು, ಆದರೆ ಮದರ್‌ಬೋರ್ಡ್ ಅದನ್ನು ಒಪ್ಪಬೇಕು. ಬೋರ್ಡಿನ ಮೇಲಿನ ನಂಬರು ಸಿಕ್ಕರೆ ಕಂಪನಿಯ ಪಟ್ಟಿಯಲ್ಲಿ ನೋಡಬಹುದು ಎಂದ. ಗಾಳಿಯಾಡಲೆಂದು ಪೆಟ್ಟಿಗೆಯ ಬಾಗಿಲು ಎಷ್ಟೋ ಬೇಸಿಗೆಗಳಿಂದ ತೆರೆದೇ ಇತ್ತು. ಒಳಗೆ ನಂಬರಿರಬೇಕಾದ ಜಾಗದಲ್ಲಿ ಇದ್ದದ್ದು ಬೆರಳು ದಪ್ಪದ ಕುಂಕುಮ.

ಅದು ಪಕ್ಕದ ಪಂಚರ್ ಅಂಗಡಿಯ ಶ್ರೀನಿವಾಸಪ್ಪನ ಕೆಲಸ. ಪ್ರತಿ ಆಯುಧಪೂಜೆಗೆ ತನ್ನ ಕಂಪ್ರೆಸರಿಗೆ ಪೂಜೆ ಮುಗಿಸಿ, ಉಳಿದ ಹೂವು ಕುಂಕುಮದೊಂದಿಗೆ ಇಲ್ಲಿಗೆ ಬರುತ್ತಿದ್ದ. ಚಂದ್ರು ಗೊಣಗಿದ್ದು ಕೇಳಿ ಶ್ರೀನಿವಾಸಪ್ಪ ಬಾಗಿಲಿಗೆ ಬಂದ, ಬೇಸರವೇನೂ ಇಲ್ಲದೆ ಕೇಳಿದ:

“ಮದರ್ ಅಂತೀರ, ಕುಂಕುಮ ಬೇಡ ಅಂತೀರ. ಹೆಂಗಪ್ಪಾ?”

ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ಹಿದಾಯತುಲ್ಲಾನೇ ಉಜ್ಜಲು ಕೂತ. ಕಪ್ಪಗಾದ ಪದರ ಕೊರೋನಾ ಕಾಲದ್ದಿರಬೇಕು. ಆಗ ಮದುವೆ ಪತ್ರಿಕೆಗಳಲ್ಲಿ ‘ತಾವಿದ್ದಲ್ಲಿಂದಲೇ ಹರಸಿ’ ಎಂದು ಅಚ್ಚುಹಾಕಿದ್ದ. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಸೇವಂತಿಗೆ ಎಸಳು ಅಂಟಿತ್ತು. ಯಂತ್ರ ಬಂದ ವರ್ಷದ್ದು. ಹೆಂಡತಿ ನೂರ್ಜಹಾನ್ ಆಗಷ್ಟೇ ಮದುವೆಯಾಗಿ ಬಂದಿದ್ದಳು. ಅವಳ ಹೆಸರನ್ನೇ ಏಳು ಬಣ್ಣದಲ್ಲಿ ಬರೆದು ತೋರಿಸಿದ್ದ. ಅವಳು ಕಾಗುಣಿತ ತಪ್ಪು ಎಂದಿದ್ದಳು.

ನಂಬರು ಕಾಣಿಸಿತು. ಚಂದ್ರು ಮೊಬೈಲಿನಲ್ಲಿ ಪಟ್ಟಿ ತೆಗೆದು ಕೊನೆಯವರೆಗೂ ಓದಿ ಮೊಬೈಲು ಜೇಬಿಗಿಟ್ಟ. ಆ ಬೋರ್ಡು ಒಪ್ಪುವ ಅತಿ ದೊಡ್ಡ ಪ್ರೊಸೆಸರ್ ಮೊದಲಿಂದಲೂ ಅದರಲ್ಲೇ ಇತ್ತು.

“ಇದಕ್ಕಿಂತ ಮೇಲಕ್ಕೆ ದಾರಿ ಇಲ್ಲ ಭಾಯ್.”

ಹಿದಾಯತುಲ್ಲಾ ಟವೆಲ್ ಮಡಿಸಿದ. ಬಿಚ್ಚಿದ್ದಾಯಿತಲ್ಲ ಎಂದು ಚಂದ್ರು ಪ್ರೊಸೆಸರ್ ಮೇಲಿನ ಫ್ಯಾನನ್ನೂ ಕೊಡವಿದ. ವರ್ಷಗಳ ಧೂಳು, ಹೂವಿನೆಸಳು ಉಂಡೆಯಾಗಿ ಬಿದ್ದವು. ಬಾಗಿಲು ತೆರೆದಿದ್ದರೂ ಒಳಗಿನ ಬಿಸಿಗೆ ಇಷ್ಟು ದಿನ ಹೊರಹೋಗಲು ದಾರಿಯೇ ಇರಲಿಲ್ಲ. ಸ್ವಿಚ್ ಹಾಕಿದಾಗ ಯಂತ್ರ ಓಡಲಿಲ್ಲ ನಿಜ, ಆದರೆ ನಿಲ್ಲಲೂ ಇಲ್ಲ. ನರೇಶ ಎದ್ದುಹೋಗಿ ಶಿವಶಂಕರ ಬಂದು ಕೂತ.

ಸಂಜೆ ಪತ್ರಿಕೆಯ ಮೊದಲ ಪ್ರತಿ ಹಿಡಿದ ಭಾರತಮ್ಮನಿಗೆ ಚಂದ್ರು ನಡೆದದ್ದೆಲ್ಲ ಹೇಳಿದ. ಅವರು ಹಿದಾಯತುಲ್ಲಾನನ್ನು ಹೊಸದಾಗಿ ನೋಡುವವರಂತೆ ನೋಡಿದರು.

“ಆ ಕಾಲಕ್ಕೇ ಎಲ್ಲಕ್ಕಿಂತ ದೊಡ್ಡದನ್ನೇ ಹುಡುಕಿ ತಂದಿದ್ದೀಯ. ಅಷ್ಟು ದೂರದ ಯೋಚನೆ ಹೆಂಗ್ ಮಾಡ್ದೆ ಭಾಯ್?”

“ಅಂಗಡಿಯಲ್ಲಿ ಅವತ್ತು ಅದೊಂದೇ ಉಳಿದಿತ್ತಕ್ಕ,” ಎಂದ ಹಿದಾಯತುಲ್ಲಾ. “ನಂಗೆ ಬಸ್ಸಿಗೆ ಹೊತ್ತಾಗಿತ್ತು.”