ಮರುದಿನದ ಉತ್ತರ

ಮೇಡಂ ಅವರ ಎಡಗಾಲಿನ ಹೆಬ್ಬೆರಳಿಗೆ ಉಗುರಿರಲಿಲ್ಲ. ಅದಿದ್ದ ಜಾಗದಲ್ಲಿ ಗಟ್ಟಿಯಾದ, ಕಪ್ಪಗಿನ ಚರ್ಮ ಬೆಳೆದಿತ್ತು. ಕಾಡಿನ ಹಾದಿಯಲ್ಲಿ ಎಡವಿ ಹೋಯಿತು ಎಂದು ಒಮ್ಮೆ ಹೇಳಿದ್ದರು, ಗ್ಯಾಸ್ ಸಿಲಿಂಡರ್ ಬಿತ್ತು ಎಂದು ಇನ್ನೊಮ್ಮೆ. ಯಾವುದು ನಿಜವೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಮೊದಲ ದಿನ ತಲೆ ಎತ್ತಲೂ ಹೆದರಿ ಆ ಕಾಲನ್ನೇ ನೋಡುತ್ತ ಕೂತಿದ್ದೆ.

ಆಗ ನಾನು ಬಿ.ಎ. ಎರಡನೇ ವರ್ಷ. ಹೈದರಾಬಾದಿನ ಗಲ್ಲಿಗಲ್ಲಿಯಲ್ಲೂ ಕಂಪ್ಯೂಟರ್ ಕೋಚಿಂಗಿನ ಬೋರ್ಡು. ಜೊತೆಯವರ ಬಾಯಲ್ಲಿ ಮಾದಾಪುರದ ಸಾಫ್ಟ್‌ವೇರ್ ಕಂಪನಿಗಳನ್ನು ಬಿಟ್ಟರೆ ಬೇರೆ ಮಾತಿಲ್ಲ. ಮೇಡಂ ಮಾತ್ರ ಲಿಂಗಂಪಲ್ಲಿ ಸ್ಟೇಷನ್ ಹತ್ತಿರ, ಮಹಡಿ ಮೇಲಿನ ಎರಡು ಕೋಣೆಗಳಲ್ಲಿ ಕೂತು, ಆದಿವಾಸಿ ಗ್ರಾಮಸಭೆಗಳು ತಮ್ಮ ಕಾಡಿನ ಬಗ್ಗೆ ಹೇಗೆ ತೀರ್ಮಾನ ಮಾಡುತ್ತವೆ ಎಂದು ಸಂಶೋಧನೆ ನಡೆಸುತ್ತಿದ್ದರು. ಪ್ರತಿವರ್ಷ ಡಿಗ್ರಿ ಓದುವ ಒಬ್ಬರನ್ನು ಸೇರಿಸಿಕೊಂಡು, ಸಂಬಳ ಕೊಟ್ಟು ಈ ಕೆಲಸ ಕಲಿಸುತ್ತಿದ್ದರು. ಆ ವರ್ಷ ನನ್ನನ್ನು ಆರಿಸಿದರು. ಕುಷಾಯಿಗೂಡದ ನಮ್ಮ ಮನೆಯಲ್ಲಿ ಸುದ್ದಿ ಹೇಳಿದಾಗ ಅಪ್ಪ ನಕ್ಕರು. "ಸಭಾದಾಗ ಕುಂತು ಬರಕೊಳ್ಳಾಕ ಪಗಾರ ಕೊಡ್ತಾರೇನು? ಎಂಥಾ ಹುಚ್ಚರದಾರ!" ಮೊದಲ ಸಂಬಳ ಬಂದ ಮೇಲೆ ನಗಲಿಲ್ಲ.

ಮೇಡಂ ರಾಯಚೂರು ಕಡೆಯವರು. ಹೊರಗೆ ತೆಲುಗು, ನನ್ನೊಡನೆ ಊರ ಕನ್ನಡ. ಹೊಗಳುವ ಅಭ್ಯಾಸವೇ ಅವರಿಗಿರಲಿಲ್ಲ. ನನ್ನ ಟಿಪ್ಪಣಿ ಓದಿ, "ಹೆಣ್ಮಕ್ಕಳು ಎಲ್ಲಿ ಕುಂತಿದ್ರು?" ಎನ್ನುತ್ತಿದ್ದರು. "ನೋಡಿಲ್ಲರಿ" ಎಂದರೆ ನೋಟ್‌ಬುಕ್ ವಾಪಸ್ಸು. ಅವರದು ಒಂದೇ ಕಟ್ಟಪ್ಪಣೆ: ಬರೆದದ್ದನ್ನು ಹೇಳಿದವರಿಗೇ ಓದಿ ಕೇಳಿಸಬೇಕು, ಅವರು ಹೂಂ ಅನ್ನುವ ತನಕ ಆ ಹಾಳೆ ಯಾರ ಕೈಗೂ ಹೋಗಬಾರದು. "ಮಾತು ಅವರದು ತಂಗಿ. ಪೆನ್ನಷ್ಟ ನಿಂದು."

ಆ ಚಳಿಗಾಲ ಗೋದಾವರಿ ಕಡೆಯ ಒಂದು ಹಾಡಿಯಲ್ಲಿ ಸಭೆಯಿತ್ತು. ಗುಡ್ಡದಲ್ಲಿ ಕಲ್ಲುಗಣಿ ತೆರೆಯಲು ಜನರ ಒಪ್ಪಿಗೆ ಕೇಳುವ ಸಭೆ. ಮೇಡಂ ಮಲೇರಿಯಾ ಬಂದು ಪಟ್ಟಣದ ಲಾಡ್ಜಿನಲ್ಲಿ ಮಲಗಿದ್ದರು. ನಾನೊಬ್ಬಳೇ ಅಧಿಕಾರಿಗಳ ಜೀಪಿನಲ್ಲಿ ಹೋದೆ. ಅಧಿಕಾರಿ ಪ್ರಶ್ನೆ ಕೇಳಿದ; ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಹಿರಿಯನೊಬ್ಬ ನೆಲ ನೋಡುತ್ತ, ನಾಳೆ ಹೇಳುತ್ತೇವೆ ಎಂದ. ಸಂಕೋಚಕ್ಕೆ ಹಾಗೆನ್ನುತ್ತಿದ್ದಾನೆ ಅಂದುಕೊಂಡೆ. ಅಷ್ಟರಲ್ಲಿ ಜೀಪಿನವನು ಹಾರ್ನ್ ಬಾರಿಸತೊಡಗಿದ. "ಯಾರೂ ಆಕ್ಷೇಪಿಸಲಿಲ್ಲ" ಎಂದು ಬರೆದು ಎದ್ದುಬಿಟ್ಟೆ.

ದಾರಿಯಲ್ಲಿ ಅಧಿಕಾರಿ ನನ್ನ ಅಕ್ಷರ ಹೊಗಳಿದ, ಬರೆದ ರೀತಿಯನ್ನೂ ಹೊಗಳಿದ, ಆ ಹಾಳೆಯ ಪ್ರತಿ ಕೇಳಿದ. ತಿಂಗಳುಗಟ್ಟಲೆ ಒಂದು ಒಳ್ಳೆಯ ಮಾತಿಗೆ ಹಸಿದಿದ್ದ ಮೂರ್ಖಳು ನಾನು. ಪಟ್ಟಣದಲ್ಲಿ ಜೆರಾಕ್ಸ್ ಮಾಡಿಸಿ ಕೊಟ್ಟೆ. ಹಾಳೆಯ ತಲೆಯ ಮೇಲೆ ಮೇಡಂ ಹೆಸರಿನ ಮೊಹರಿತ್ತು.

ಎರಡು ದಿನ ಬಿಟ್ಟು, ಜ್ವರ ಸ್ವಲ್ಪ ಇಳಿದಾಗ ಅವರು ಟಿಪ್ಪಣಿ ಓದಿದರು.

"ಮರುದಿನ ಏನಂದ್ರು?"

"ಮರುದಿನ ನಾ ಹೋಗಿಲ್ಲರಿ."

ಪ್ರತಿ ಕೊಟ್ಟದ್ದನ್ನೂ ಹೇಳಿದೆ. ಅವರು ನೋಟ್‌ಬುಕ್ ಮುಚ್ಚಿದರು. ಪ್ರಶ್ನೆ ಕೇಳಿದ ದಿನವೇ ಆ ಹಾಡಿಯವರು ಉತ್ತರ ಕೊಡುವುದಿಲ್ಲ. ಮನೆಗೆ ಹೋಗಿ, ಒಲೆಯ ಮುಂದೆ ಮುದುಕಿಯರನ್ನೂ ಕೇಳಿ, ಮರುದಿನ ಬೆಳಿಗ್ಗೆ ಎಲ್ಲರೂ ಕೂಡಿ ಹೇಳುತ್ತಾರೆ. ಮೇಡಂ ಅವರ ಹಳೆಯ ವರದಿಯಲ್ಲಿ ಇದನ್ನೆಲ್ಲ ನಾನು ಓದಿದ್ದೆ. ಓದಿ ಮರೆತಿದ್ದೆ.

ಅದೇ ಮಧ್ಯಾಹ್ನ ನಡುಗುವ ಮೈಯಲ್ಲೇ ನನ್ನನ್ನು ಹಾಡಿಗೆ ಕರೆದೊಯ್ದು, ಎಲ್ಲರ ಮುಂದೆ ಆ ಹಾಳೆ ಓದಿಸಿದರು. ನಾನು ತೆಲುಗಿನಲ್ಲಿ ಓದಿ ಮುಗಿಸಿದೆ. ಮುದುಕಿಯೊಬ್ಬಳು ಎದ್ದು ನಿಂತಳು. ನಾವು ಬೇಡ ಎನ್ನಲು ಬಂದಿದ್ದೆವು ಮಗಳೇ, ಮಿಂದು ಬಂದು ಬಿಸಿಲೇರುವ ತನಕ ಕೂತಿದ್ದೆವು, ನೀವ್ಯಾರೂ ಇರಲಿಲ್ಲ ಎಂದಳು. ಬೈಯಲಿಲ್ಲ. ನಾನು ಅಳತೊಡಗಿದೆ.

"ಆಮ್ಯಾಲ ಅಳುವಿಯಂತ," ಅಂದರು ಮೇಡಂ. "ಮದ್ಲ ಆಕಿ ಹೇಳಿದ್ದು ಬರಕೊ."

ಹೆಬ್ಬೆಟ್ಟು ಒತ್ತಿಸಿದ ಹೊಸ ಹಾಳೆ ಹಿಡಿದು ಮೇಡಂ ಮೂರು ಸಲ ಆ ಅಧಿಕಾರಿಯ ಕಚೇರಿಗೆ ಹೋದರು. ಮೊದಲನೆಯದು ಸಭೆಯಲ್ಲಿ ಇದ್ದವರು ಬರೆದದ್ದು, ಇದು ಇಲ್ಲದವರು ಬರೆಸಿದ್ದು, ನಂಬುವುದು ಯಾವುದನ್ನು ಎಂದ ಅಧಿಕಾರಿ. ಹುಡುಗಿ ನನ್ನ ಅಪ್ಪಣೆ ಮೀರಿದಳು ಎಂದು ಮೇಡಂ ಅಂದಿದ್ದರೆ ಅವರ ಹೆಸರು ಉಳಿಯುತ್ತಿತ್ತು. ಅನ್ನಲಿಲ್ಲ. ನನ್ನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಮಾತು ಬದಲಿಸುವ ಸಂಶೋಧಕಿ ಎಂಬ ಹೆಸರು ಬಂತು, ಮುಂದಿನ ವರ್ಷ ಯೋಜನೆ ನಿಂತಿತು. ಗುಡ್ಡಕ್ಕೆ ಸಿಡಿಮದ್ದು ಇಟ್ಟರು.

ಕೆಲಸದಿಂದ ತೆಗೆದುಹಾಕಿ ಎಂದು, ಹಾಡಿಯಿಂದ ಹೈದರಾಬಾದಿಗೆ ಮರಳುವಾಗ ರೈಲಿನಲ್ಲಿ ನಾನೇ ಕೇಳಿಕೊಂಡಿದ್ದೆ. "ತಪ್ಪು ನೀ ಮಾಡಿದಿ, ಇಲ್ಲನ್ನಂಗಿಲ್ಲ," ಎಂದರು. "ಆದ್ರ ಕಳಿಸಿದಾಕಿ ನಾನು. ಸೋಮವಾರ ಹತ್ತಕ್ಕ ಬಾ, ಕೆಲಸ ಭಾಳ ಐತಿ."

ಮಲೇರಿಯಾ ಮತ್ತೆ ಮತ್ತೆ ಮರುಕಳಿಸಿತು. ಎರಡು ವರ್ಷದಲ್ಲಿ ಮೂತ್ರಪಿಂಡ ಕೈಕೊಟ್ಟು ಮೇಡಂ ತೀರಿಹೋದರು. ಅದಾದ ತಿಂಗಳಲ್ಲೇ ಆ ಕಚೇರಿಗೆ ಪತ್ರ ಬರೆದೆ: ಮೊದಲ ಹಾಳೆ ನಾನು ಬರೆದದ್ದು, ತಪ್ಪು ನನ್ನದು, ಅವರ ಹೆಸರು ತೆಗೆದು ನನ್ನದು ಹಾಕಿ.

ಎರಡು ಸಾಲಿನ ಉತ್ತರ ಬಂತು. ತಿದ್ದುಪಡಿ ಬೇಕಿದ್ದರೆ ಮೂಲ ಸಂಶೋಧಕರೇ ಖುದ್ದಾಗಿ ಹಾಜರಾಗಿ ಸಹಿ ಮಾಡತಕ್ಕದ್ದು.