ತುಂಡಾಗದ್ದನ್ನು ಅಂಟಿಸಿದ ಗೋದಾವರಿ

ಬೆಳಗಿನ ಆರೂವರೆ. ಪುತ್ತೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಕಿಟಕಿಗಳನ್ನು ಗೋದಾವರಿ ಒಂದೊಂದಾಗಿ ತೆರೆಯುತ್ತಿದ್ದಾರೆ. ರಾತ್ರಿಯಿಡೀ ಕೂಡಿಕೊಂಡ ಫಾರ್ಮಲಿನ್ ವಾಸನೆ ಮೊದಲು ಹೊರಗೆ ಹೋಗಬೇಕು. ಒಂಬತ್ತರೊಳಗೆ ಇಪ್ಪತ್ತು ಟ್ರೇ, ಇನ್ನೂರು ಗಾಜಿನ ಸ್ಲೈಡು ತೊಳೆದು ಒರೆಸಿ ಆಗಬೇಕು. ಗೋಡೆಯಲ್ಲಿ ಅವರೇ ಅಂಟಿಸಿ ಮಾಡಿದ ಎರಡು ಪಟಗಳಿವೆ: ಒಂದು ಮನುಷ್ಯನ ವರ್ಣತಂತುಗಳದ್ದು, ಇನ್ನೊಂದು ಚಿಂಪಾಂಜಿಯದ್ದು.

"ಇದನ್ನು ನೋಡಿದ್ರೆ ನನಗೆ ಈಗಲೂ ತಲೆ ತಿರುಗ್ತದೆ ಮಾರಾಯ್ರೆ" ಎನ್ನುತ್ತಾರೆ.

ಇಚಿಲಂಪಾಡಿಯಲ್ಲಿ ಹುಟ್ಟಿದ ಗೋದಾವರಿ ಓದಿದ್ದು ಐದನೇ ಕ್ಲಾಸು. ಗಂಡ ಶೀನಪ್ಪ ತೆಂಗಿನ ಮರದಿಂದ ಬಿದ್ದು ಹಾಸಿಗೆ ಹಿಡಿದ ಮೇಲೆ ಬೀಡಿ ಕಟ್ಟಿ ಮನೆ ನಡೆಸಿದರು. ದಿನಕ್ಕೆ ಸಾವಿರ ಎಲೆ ಕತ್ತರಿಸಿದ ಕೈ ಅದು. ೧೯೮೧ರಲ್ಲಿ ಇಲ್ಲಿಗೆ ಸಹಾಯಕಿಯಾಗಿ ಬಂದರು. ನಾಲ್ಕು ವರ್ಷವಾದರೂ ಕೆಲಸ ಖಾಯಂ ಆಗಿಲ್ಲ.

ಕಳೆದ ವರ್ಷ ಉಪನ್ಯಾಸಕ ತಿರುಮಲೇಶ್ವರ ಭಟ್ಟರಿಗೆ ಸ್ನೇಹಿತರೊಬ್ಬರು ಅಂಚೆಯಲ್ಲಿ ಎರಡು ಫೋಟೋ ಕಳಿಸಿದರು. ಜೀವಕೋಶದೊಳಗಿನ ವರ್ಣತಂತುಗಳು ಪಟ್ಟೆ ಪಟ್ಟೆಯ ಹುಳುಗಳ ಹಾಗೆ ಚೆಲ್ಲಿಕೊಂಡಿದ್ದವು. ಒಂದೊಂದನ್ನೂ ಕತ್ತರಿಸಿ, ಜೋಡಿ ಮಾಡಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಅಂಟಿಸಬೇಕು. "ಜೋಪಾನ, ಬೇರೆ ಪ್ರತಿ ಇಲ್ಲ" ಎಂದು ಗೋದಾವರಿಗೆ ಒಪ್ಪಿಸಿ ಭಟ್ಟರು ಪಾಠಕ್ಕೆ ಹೋದರು.

ಮನುಷ್ಯನದ್ದು ಸಲೀಸಾಯಿತು. ನಲವತ್ತಾರು ಚೂರು, ಇಪ್ಪತ್ತಮೂರು ಜೋಡಿ. ಅದನ್ನೇ ಮಾದರಿಯಾಗಿಟ್ಟು ಚಿಂಪಾಂಜಿಯದ್ದನ್ನು ಜೋಡಿಸಿದರೆ ಎರಡನೇ ಮನೆ ಖಾಲಿ! ಕೈಯಲ್ಲಿ ಮಾತ್ರ ನಾಲ್ಕು ಗಿಡ್ಡ ಚೂರು ಉಳಿದಿದ್ದವು.

"ದೊಡ್ಡ ಎರಡನ್ನು ನಾನೇ ನಡುವಲ್ಲಿ ತುಂಡು ಮಾಡಿದೆ ಅಂತ ಗ್ರಹಿಸಿದೆ. ಕೆಲಸ ಹೋಯ್ತು ಅಂತಲೇ."

ಒಂದರ ತುದಿಗೆ ಇನ್ನೊಂದನ್ನು ಹಿಡಿದು ನೋಡಿದರು. ಪಟ್ಟೆಗಳು ಮನುಷ್ಯನ ಎರಡನೇ ಜೋಡಿಗೆ ಹೆಚ್ಚುಕಡಿಮೆ ಹೊಂದಿದವು. ಗೋಂದು ಹಚ್ಚಿ ಅಂಟಿಸಿಬಿಟ್ಟರು. ಆದರೆ ಮನಸ್ಸು ತಡೆಯಲಿಲ್ಲ. ಮರುದಿನ ಭಟ್ಟರು ಬರುತ್ತಲೇ ಎಲ್ಲ ಹೇಳಿಕೊಂಡರು.

ಭಟ್ಟರು ಎರಡೆರಡು ಸಲ ಎಣಿಸಿದರು. ಆಮೇಲೆ ಕುರ್ಚಿ ಎಳೆದು ಕೂತರು. "ನೀವು ತುಂಡು ಮಾಡಿದ್ದಲ್ಲ ಗೋದಾವರಿಯಕ್ಕ. ಚಿಂಪಾಂಜಿಗೆ ಇರುದೇ ನಲವತ್ತೆಂಟು. ನಮ್ಮ ಹಿಂದಿನವರಲ್ಲಿ ಎಂದೋ ಎರಡು ವರ್ಣತಂತು ತುದಿಗೆ ತುದಿ ಅಂಟಿ ಒಂದಾದದ್ದು. ನೀವು ಅಂಟಿಸಿದ ಹಾಗೆಯೇ!"

"ಅಂಟಿದ್ದಕ್ಕೆ ನಾವು ಮನುಷ್ಯರಾದದ್ದಾ ಸರ್?"

"ಹಾಗೆ ಹೇಳ್ಲಿಕ್ಕೆ ಬರುದಿಲ್ಲ. ಬೇರೆ ಬದಲಾವಣೆಗಳೂ ಉಂಟು. ಕೆಲವು ಕಡೆ ಪಟ್ಟೆಗಳೇ ತಲೆಕೆಳಗಾಗಿವೆ. ಯಾವುದು ಎಂತ ಮಾಡಿತು ಅಂತ ಇನ್ನೂ ಯಾರಿಗೂ ಗೊತ್ತಿಲ್ಲ."

ಗೋದಾವರಿ ಅಂಟನ್ನು ಬಿಡಿಸಲು ಹೊರಟಾಗ ಭಟ್ಟರು ತಡೆದರು. ಮಕ್ಕಳಿಗೆ ಹೋಲಿಸಿ ತೋರಿಸಲೆಂದು ಒಂದನ್ನು ಬಿಡಿಸಿ, ಇನ್ನೊಂದನ್ನು ಅಂಟಿಸಿದಂತೆಯೇ ಇಡಿಸಿದರು. ಈಗ ಪಾಠ ಮಾಡುವಾಗ ಅವರ ಬೆತ್ತದ ತುದಿ ಅಲ್ಲಿಗೇ ಹೋಗುತ್ತದೆ. ಗೋದಾವರಿಗೆ ಮಾತ್ರ ಗೊಂದಲ ಕಳೆದಿಲ್ಲ.

"ಚಿಂಪಾಂಜಿಗೆ ನಮಗಿಂತ ಕಡಿಮೆ ಇರ್ಬೇಕು ಅಂತ ಗ್ರಹಿಸಿದ್ದೆ. ನೋಡಿದ್ರೆ ಎರಡು ಜಾಸ್ತಿ! ಮೊದಲ ಸಲ ಹಾಗೆ ಅಂಟಿ ಹುಟ್ಟಿದ ಮಗುವನ್ನು ಎತ್ತಿಕೊಂಡ ತಾಯಿಗೆ ಎಂತಾದ್ರೂ ಗೊತ್ತಾಗಿರ್ಬಹುದಾ? ಸರ್ ಹತ್ರ ಕೇಳಿದೆ. ಅವರು ನಗಾಡಿದ್ರು."

ಆಸೆ ಏನಾದರೂ ಉಂಟೇ ಎಂದರೆ ತುಸು ನಾಚುತ್ತಾರೆ.

"ಮೈಸೂರಲ್ಲಿ ಜೀವಂತ ಚಿಂಪಾಂಜಿ ಉಂಟಂತೆ. ಒಮ್ಮೆ ಹೋಗ್ಬೇಕು. ನಾನು ನೋಡ್ಲಿಕ್ಕೆ ಅಲ್ಲ ಮಾರಾಯ್ರೆ, ಅದಕ್ಕೆ ನನ್ನ ಗುರ್ತ ಸಿಗ್ತದಾ ಅಂತ."