ಮನೆ ನೋಡಲು ಬಂದ ಏಳು ಬೀಗರು

ಗವಿಸಿದ್ದಪ್ಪನ ಮುಖ ಕೊಪ್ಪಳದಲ್ಲಿ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ದನಿ ಮಾತ್ರ ಗೊತ್ತು. ಮೂವತ್ತನಾಲ್ಕು ವರ್ಷ ಆತ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದ. ಕುಷ್ಟಗಿ, ಗಂಗಾವತಿ, ಯಲಬುರ್ಗಾ ಎಲ್ಲ ಸುತ್ತಿ ಕೊನೆಗೆ ಕೊಪ್ಪಳಕ್ಕೆ ಬಂದಿದ್ದ. ಗಾಜಿನ ಗೂಡಿನಲ್ಲಿ ಕೂತು, ಮೈಕಿನ ಕತ್ತು ಹಿಡಿದು, "ಪ್ರಯಾಣಿಕರ ಗಮನಕ್ಕೆ" ಎಂದನೆಂದರೆ ಶೇಂಗಾ ತಿನ್ನುವವರ ದವಡೆ ನಿಲ್ಲುತ್ತಿತ್ತು, ಅಳುವ ಕೂಸು ಬಾಯಿ ತೆರೆದುಕೊಂಡೇ ಸುಮ್ಮನಾಗುತ್ತಿತ್ತು. ಬಂದ ಬಸ್ಸನ್ನು ಸಾರಲು ಯಾರಾದರೂ ಸಾಕು. ಗವಿಸಿದ್ದಪ್ಪನ ಪರಾಕ್ರಮ ಬೆಳಗುತ್ತಿದ್ದದ್ದು ಬಾರದ ಬಸ್ಸನ್ನು ಸಾರುವಾಗ. ತಾವರಗೇರಾ ಬಸ್ಸು ಎಲ್ಲೋ ಹಾದಿಯಲ್ಲಿ ಚಕ್ರ ಕಳಚಿಕೊಂಡು ಕೂತಿದೆ ಎಂದು ಫೋನು ಬಂದ ಮೇಲೂ ಆತ, "ಇನ್ನು ಸ್ವಲ್ಪೇ ಹೊತ್ತಿನಲ್ಲಿ ಬರಲಿದೆ" ಎಂದು ಹೇಳುತ್ತಿದ್ದ. ಜನ ನಂಬಿ ಎರಡು ತಾಸು ಕೂತಿರುತ್ತಿದ್ದರು. "ಗೊತ್ತಿಲ್ಲ" ಎಂಬ ಒಂದು ಮಾತನ್ನು ಆತ ಸೇವೆಯಲ್ಲಿದ್ದಷ್ಟು ದಿನ ಮೈಕಿಗೆ ತೋರಿಸಲೇ ಇಲ್ಲ.

ನಿವೃತ್ತಿಯಾದ ದಿನ ಸಂಸ್ಥೆ ಒಂದು ಶಾಲು ಕೊಟ್ಟು ಮೈಕು ಕಸಿದುಕೊಂಡಿತು. ಅಂಥ ದನಿಯನ್ನು ಮನೆಯಲ್ಲಿ ಕೂಡಿಹಾಕಿಕೊಂಡರೆ ಗೋಡೆ ಬಿರಿಯುತ್ತದೆ. ಹಾಗಾಗಿ ಆತ ಅದನ್ನು ದಿನಾ ಬೆಳಗ್ಗೆ ತನ್ನ ಓಣಿಯ ತುದಿಯ ಚಹಾದಂಗಡಿಗೆ ಕರೆದುಕೊಂಡು ಹೋಗತೊಡಗಿದ. ಅಲ್ಲಿ ಸಾರಲು ಬಸ್ಸುಗಳಿರಲಿಲ್ಲ. ಆದರೆ ಮನೆಗಳ ರೇಟು ಇತ್ತು. ಕೊರೊನಾ ಬಂದಾಗ ಅಂಗಾತ ಬಿದ್ದ ರೇಟು ಈಗ ಎದ್ದು ಕೂತಿದೆ ಎಂದು ಕೆಲವರು, ಎದ್ದದ್ದು ಮತ್ತೆ ಮಲಗಲಿಕ್ಕೆ ಎಂದು ಕೆಲವರು. ಗಿಣಿಗೇರಾ ಕಡೆ ಕಾರ್ಖಾನೆ ದೊಡ್ಡದಾಗುತ್ತದಂತೆ ಎಂದು ಸೋಮವಾರ ಸುದ್ದಿ. ಆಗುವುದಿಲ್ಲವಂತೆ ಎಂದು ಗುರುವಾರ. ಈ ಗೊಂದಲದ ನಡುವೆ ಗವಿಸಿದ್ದಪ್ಪ ಬಸಿಯ ಚಹಾ ಹೀರಿ, ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುತ್ತಿದ್ದ:

"ಯಾರೂ ಮನಿ ಮಾರಬ್ಯಾಡ್ರಿ. ರೇಟು ಹೊಂಟೈತಿ. ಇನ್ನ ಸ್ವಲ್ಪೇ ಹೊತ್ತಿನ್ಯಾಗ ಬರ್ತೈತಿ."

ಅದೇ ದನಿ. ಜನ ಕೂತರು. ಎಲ್ಲರಿಗಿಂತ ಗಟ್ಟಿಯಾಗಿ ಕೂತವನು ಗಿಡ್ಡಪ್ಪ, ಗಿಣಿಗೇರಾದ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಆತನ ಎರಡು ಕೋಣೆಯ ಮನೆಗೆ ಹೊಸಪೇಟೆಯ ಗಿರಾಕಿ ಬಂದು ಮುಂಗಡ ಹಿಡಿದು ನಿಂತಿದ್ದಾಗ, ಗವಿಸಿದ್ದಪ್ಪನ ಮಾತು ಕೇಳಿ ಗಿಡ್ಡಪ್ಪ ಕೈ ಮುಗಿದು ಕಳಿಸಿಬಿಟ್ಟಿದ್ದ.

ಇನ್ನು ಗವಿಸಿದ್ದಪ್ಪನ ಸ್ವಂತ ಮನೆ. ಕಾರ್ಖಾನೆಯ ಎಂಜಿನಿಯರರು ಬಾಡಿಗೆಗೆ ಬಂದು ಮುತ್ತುತ್ತಾರೆಂಬ ಕನಸಿನಲ್ಲಿ ಕೆಳಗೆ ನಾಲ್ಕು ಕೋಣೆ, ತಮಗೆ ಮೇಲಂತಸ್ತು, ನಡುವೆ ಇಪ್ಪತ್ತೆರಡು ಮೆಟ್ಟಿಲು. ಬಾಗಿಲು ದಕ್ಷಿಣಕ್ಕೆ. ಕೆಳಗೆ ಎಂಜಿನಿಯರರ ಬದಲು ಪಾರಿವಾಳ ಬಂದವು. ಮೇಲೆ ಹೆಂಡತಿ ಬಸವಣ್ಣೆಮ್ಮನ ಮೊಣಕಾಲು ಮೆಟ್ಟಿಲಿಗೊಂದು ಶಿವನಾಮ ಹೇಳಿಸತೊಡಗಿದವು. ಹತ್ತುವಾಗ ಇಪ್ಪತ್ತೆರಡು, ಇಳಿಯುವಾಗ ಇಪ್ಪತ್ತೆರಡು.

"ನನಗ ನೆಲಕ್ಕಿರೋ ಮನಿ ಬೇಕ್ರಿ," ಎಂದಳು ಬಸವಣ್ಣೆಮ್ಮ ಒಂದು ದಿನ, ಹದಿನಾಲ್ಕನೆಯ ಮೆಟ್ಟಿಲ ಮೇಲೆ ಕೂತು. "ಇದನ್ನ ಮಾರ್ರಿ. ಇಲ್ಲಾ ನನ್ನ ಇಲ್ಲೇ ಬಿಟ್ಟು ಊಟ ಇಲ್ಲಿಗೇ ಕಳಸ್ರಿ."

ಮಾರಬೇಕು, ಖರೆ. ಆದರೆ "ಯಾರೂ ಮಾರಬೇಡಿ" ಎಂದು ಊರಿಗೆಲ್ಲ ಸಾರಿದವನು ತಾನೇ ಮೊದಲು ಮಾರಿದರೆ ಚಹಾದಂಗಡಿಯಲ್ಲಿ ಮುಖ ಎಲ್ಲಿಡುವುದು? ಗವಿಸಿದ್ದಪ್ಪ ಗುಪ್ತ ಕಾರ್ಯಾಚರಣೆಗೆ ಇಳಿದ. ಕೊಪ್ಪಳದ ಏಜೆಂಟರನ್ನು ಬಿಟ್ಟು ಗಂಗಾವತಿಯಿಂದ ಮರ್ದಾನಸಾಬನನ್ನು ಕರೆಸಿದ. ಬೋರ್ಡು ಹಾಕುವಂತಿಲ್ಲ, ಯಾರ ಮುಂದೂ ಬಾಯಿ ಬಿಡುವಂತಿಲ್ಲ, ವಾರದ ನಡುವೆ ಹನ್ನೊಂದು ಗಂಟೆಗೆ ಮಾತ್ರ ಗಿರಾಕಿ ತರಬೇಕು ಎಂದು ಆಜ್ಞೆಯಾಯಿತು.

"ಏನ್ ಸಾಹೇಬ್ರ, ಮನಿ ಮಾರಾಕತ್ತೀರೋ, ಗಾಂಜಾ ಮಾರಾಕತ್ತೀರೋ?" ಎಂದ ಮರ್ದಾನಸಾಬ.

ಮೊದಲ ಗಿರಾಕಿ ಗಂಗಾವತಿಯ ಅಕ್ಕಿ ಗಿರಣಿಯವನು. ಮನೆ ನೋಡಿ ಹಾಗೇ ಯಾರದೋ ಸೀಮಂತಕ್ಕೆ ಹೋಗುವವನಿದ್ದ, ಹಾಗಾಗಿ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು, ತಾಯಿ ಮೊಳದುದ್ದ ಮಲ್ಲಿಗೆ ಮುಡಿದಿದ್ದಳು, ತಮ್ಮನ ಕೈಯಲ್ಲಿ ಹಣ್ಣಿನ ಬುಟ್ಟಿ. ಎಂಟು ಜನ ಜೀಪಿನಿಂದ ಇಳಿದರು. ಮನೆಗೆ ಬಂದವರನ್ನು ಹಾಗೇ ಕಳಿಸಿ ಗೊತ್ತಿಲ್ಲದ ಬಸವಣ್ಣೆಮ್ಮ ಉಪ್ಪಿಟ್ಟು ಮಾಡಿದಳು. ಅವರು ತಿಂದು, ಬಾಗಿಲ ದಿಕ್ಕು ನೋಡಿ, ಮುಖ ಸಣ್ಣದು ಮಾಡಿಕೊಂಡು ಹೋದರು.

ಜೀಪಿನ ಧೂಳು ಅಡಗುವ ಮೊದಲೇ ಎದುರು ಮನೆಯ ಹಸನಬೀ ಗೋಡೆಯ ಮೇಲೆ ಗದ್ದ ಇಟ್ಟಿದ್ದಳು. ಇಪ್ಪತ್ತು ವರ್ಷದಿಂದ ನೆರೆಯವಳು. ಗವಿಸಿದ್ದಪ್ಪನ ಮಗಳು ಶೈಲಜಾ ಸಣ್ಣವಳಿದ್ದಾಗ ಅವಳ ಜಡೆ ಹೆಣೆದವಳು.

"ಯಾರ್ರೀ ಅಣ್ಣಾರ ಅವರು? ಸೀರಿ ಭಾರೀ ಇತ್ತು."

ಮೂವತ್ತನಾಲ್ಕು ವರ್ಷದ ರೂಢಿ. ಕೇಳಿದವರಿಗೆ ತಡವರಿಸದೆ ಏನಾದರೊಂದು ಸಾರಿಬಿಡಬೇಕು. ಗವಿಸಿದ್ದಪ್ಪನ ಬಾಯಿಂದ ತಾನಾಗಿ ಹೊರಬಿತ್ತು: "ಬೀಗರಾಗೋರು ನೋಡವ್ವಾ. ನಮ್ಮ ಶೈಲಜಾನ ಸಲುವಾಗಿ ಬಂದಿದ್ರು."

"ಹುಡುಗಿ ಯಲಬುರ್ಗಾಕ್ಕ ಹೋಗ್ಯಾಳಲ್ರೀ?"

"ಮೊದಲ ಮನಿ, ಮನಿತನ ನೋಡ್ತಾರ. ಆಮ್ಯಾಲ ಹುಡುಗಿ."

ಒಳಗೆ ಬಂದಾಗ ಬಸವಣ್ಣೆಮ್ಮ ತಟ್ಟೆ ಹಿಡಿದು ನಿಂತಿದ್ದಳು. "ಹುಡುಗಿ ಹೆಸರ ಯಾಕ ತಂದ್ರಿ ನಡುವ?"

"ಬಾಯಿಗೆ ಬಂತು, ಅಂದೆ. ಒಂದ ಸಲದ ಮಾತು ಬಿಡು."

ಒಂದು ಸಲದ ಮಾತು ಏಳು ಸಲ ಆಯಿತು. ಕುಷ್ಟಗಿಯ ನಿವೃತ್ತ ಪೊಲೀಸ್ ಜಮಾದಾರ ಗೋಡೆಗಳಿಗೆಲ್ಲ ಕಿವಿ ಹಚ್ಚಿ ಬಡಿದು ನೋಡಿದ, ಒಳಗೆ ಯಾರೋ ಅಡಗಿದ್ದಾರೆಂಬಂತೆ. ನವಲಿಯ ಒಬ್ಬ ಭತ್ತದ ರೈತ ಬಂದವನೇ ನಲ್ಲಿಗಳನ್ನೆಲ್ಲ ತಿರುಗಿಸಿ ನೀರಿನ ಟಾಕಿ ಖಾಲಿ ಮಾಡಿ ಹೋದ. ಮತ್ತೊಬ್ಬ ಮೊಬೈಲಿನಲ್ಲಿ ದಿಕ್ಸೂಚಿ ಹಿಡಿದು ಬಾಗಿಲಲ್ಲೇ ಮೂರು ಸುತ್ತು ತಿರುಗಿ, ಒಳಗೂ ಬಾರದೆ ಕಾರು ಹತ್ತಿದ. "ಮಾರ್ಕೆಟ್ ಇನ್ನೂ ನಿಂತಿಲ್ರೀ, ದೀಪಾವಳಿ ಹೋಗ್ಲಿ" ಎಂದವರು, "ಯುಗಾದಿ ಬರ್ಲಿ" ಎಂದವರು, ಏನೂ ಅನ್ನದೆ ಉಪ್ಪಿಟ್ಟಿಗೆ ಲಿಂಬೆಹುಳಿ ಕೇಳಿದವರು. ಪ್ರತಿ ಸಲವೂ ಹಸನಬೀ ಗೋಡೆಗೆ ಬಂದಳು. ಪ್ರತಿ ಸಲವೂ ಗವಿಸಿದ್ದಪ್ಪ ಅದೇ ಸಾರಿದ. ದನಿ ಒಂದೊಂದು ಸಲಕ್ಕೂ ಒಂದೊಂದು ನೂಲು ತೆಳ್ಳಗಾಗುತ್ತಿದ್ದುದು ಅವನಿಗೇ ಕೇಳಿಸುತ್ತಿತ್ತು. ಏಳನೆಯ ಸಲ ಹಸನಬೀ ಏನೂ ಕೇಳಲೇ ಇಲ್ಲ. "ಆಗ್ತದ ಬಿಡ್ರಿ ಅಣ್ಣಾರ, ಅಲ್ಲಾ ಅದಾನ" ಎಂದು ಕಣ್ಣೊರೆಸಿಕೊಂಡು ಒಳಗೆ ಹೋದಳು. ಆ ಕಣ್ಣೊರೆಸಿದ್ದು ಗವಿಸಿದ್ದಪ್ಪನಿಗೆ ಒಂದು ವಾರ ನಿದ್ದೆ ಕೊಡಲಿಲ್ಲ.

ಸುದ್ದಿ ಅಷ್ಟರಲ್ಲಿ ಆತನಿಗೆ ಗೊತ್ತಿದ್ದ ದಾರಿಯಲ್ಲೇ ಹೊರಟಿತ್ತು. ಕೊಪ್ಪಳದಿಂದ ಯಲಬುರ್ಗಾ ಬಸ್ಸು ಹತ್ತಿತು, ಕುಕನೂರಿನಲ್ಲಿ ಇಳಿದು ಚಹಾ ಕುಡಿಯಿತು, ಶೈಲಜಾ ಭೌತಶಾಸ್ತ್ರ ಕಲಿಸುವ ಕಾಲೇಜಿನ ಮುಂದೆ ಸಮಯಕ್ಕೆ ಸರಿಯಾಗಿ ಮುಟ್ಟಿತು. ಗವಿಸಿದ್ದಪ್ಪನ ಆಯುಷ್ಯದಲ್ಲಿ ತಡವಾಗದೆ ಬಂದ ಬಸ್ಸು ಅದೊಂದೇ.

ಆ ಸಂಜೆ ಶೈಲಜಾ ಮೆಟ್ಟಿಲು ಹತ್ತಿ ಬಂದು ಚೀಲ ಕೆಳಗಿಡದೆ ನಿಂತಳು. ಇಪ್ಪತ್ತೆಂಟರ ಹುಡುಗಿ, ಅಪ್ಪನ ದನಿಯ ಒಂದು ತುಣುಕೂ ಬಾರದವಳು, ಮೆಲ್ಲಗೆ ಮಾತಾಡುವವಳು.

"ಅಪ್ಪಾ, ನನ್ನ ನೋಡಾಕ ಏಳು ಕಡಿಯಿಂದ ಬಂದಿದ್ರಂತ. ಏಳೂ ಮಂದಿ ನನ್ನ ಮುಖಾನೂ ನೋಡದ ಬ್ಯಾಡ ಅಂದು ಹೋದ್ರಂತ. ಖರೇನ?"

ಗವಿಸಿದ್ದಪ್ಪ ಗಂಟಲು ಸರಿಮಾಡಿಕೊಂಡ. ಶೈಲಜಾ ಕಾಯಲಿಲ್ಲ.

"ಮುಖ ನೋಡದನ ಬ್ಯಾಡ ಅಂದಾರಂದ್ರ ಹುಡುಗಿದು ಏನೋ ಕೇಳಿರಬೇಕು ಅಂತ ಸ್ಟಾಫ್‌ರೂಮಿನ್ಯಾಗ ಮಾತು. ಕೆಮಿಸ್ಟ್ರಿ ಸಿದ್ದೇಶ ಅದಾರಲ್ಲ, ತಾವರಗೇರಾದವರು, ಅವರ ತಾಯಿ ಮುಂದಿನ ವಾರ ನಮ್ಮ ಮನಿಗೆ ಬರೂದಿತ್ತು. ನಾನ ನಿಮಗ ಹೇಳಬೇಕಂತಿದ್ದೆ. ಈಗ ಅವರು 'ಇನ್ನೊಂದೀಟು ವಿಚಾರ ಮಾಡೂಣು' ಅಂದಾರಂತ."

ಬಸವಣ್ಣೆಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ಎಲ್ಲವನ್ನೂ ಹೇಳಿಬಿಟ್ಟಳು. ಬೋರ್ಡು ಹಾಕದ್ದು, ಮರ್ದಾನಸಾಬ, ಉಪ್ಪಿಟ್ಟು, ಹಸನಬೀಗೆ ಹೇಳಿದ್ದು. ಶೈಲಜಾ ಕೇಳಿಸಿಕೊಂಡಳು. ಬೈದಿದ್ದರೆ ಗವಿಸಿದ್ದಪ್ಪ ಬದುಕುತ್ತಿದ್ದ.

"ಮನಿಗೆ ಬೋರ್ಡ್ ಹಾಕಾಕ ನಿಮಗ ನಾಚಿಕಿ ಬಂತು," ಎಂದಳು. "ನನ್ನ ಕೊರಳಿಗೆ ಹಾಕಾಕ ನಾಚಿಕಿ ಬರಲಿಲ್ಲ."

ಚೀಲ ತೆಗೆದುಕೊಂಡು ತನ್ನ ಕೋಣೆಗೆ ಹೋದಳು. ಆ ರಾತ್ರಿ ಗವಿಸಿದ್ದಪ್ಪ ಉಣ್ಣಲಿಲ್ಲ. ಊರಿನ ಮುಂದೆ ಮಾನ ಉಳಿಸಿಕೊಳ್ಳಲು ಹೋಗಿ, ಮಗಳ ಹೆಸರನ್ನು ಚಾಪೆಯಂತೆ ಹಾಸಿ ಏಳು ಮಂದಿಯನ್ನು ಅದರ ಮೇಲೆ ಕೂರಿಸಿದ್ದ. ಹೀಗೆ ಯೋಚಿಸಿದಾಗ, ಒಬ್ಬನೇ ಇದ್ದ ಕೋಣೆಯಲ್ಲಿಯೂ ಆತ ಮುಖ ಮುಚ್ಚಿಕೊಂಡ.

ಬೆಳಗ್ಗೆ ಹಳೆಯ ಪ್ಲೈವುಡ್ ತುಂಡಿನ ಮೇಲೆ ಕೆಂಪು ಬಣ್ಣದಲ್ಲಿ "ಮನೆ ಮಾರಾಟಕ್ಕಿದೆ" ಎಂದು ತಾನೇ ಬರೆದ. ಅಕ್ಷರಗಳು ಕೊನೆಯಲ್ಲಿ ಜಾಗ ಸಾಲದೆ ಒಂದರ ಹೆಗಲ ಮೇಲೊಂದು ಹತ್ತಿದವು. ಬೋರ್ಡನ್ನು ಗೇಟಿಗೆ ಕಟ್ಟುವಾಗ ಹಸನಬೀ ಗೋಡೆಗೆ ಬಂದಳು. ಆತ ಅವಳ ಕಡೆ ನೋಡದೆ, ತಂತಿ ತಿರುವುತ್ತ, ಎಲ್ಲವನ್ನೂ ಹೇಳಿದ. ಹಸನಬೀ ಗೋಡೆಯಿಂದ ಗದ್ದ ಎತ್ತಿದಳು.

"ಐದು ಶುಕ್ರವಾರ ದರ್ಗಾಕ್ಕ ಹೋಗಿ ಆ ಹುಡುಗಿ ಸಲುವಾಗಿ ಸಕ್ಕರಿ ಹಂಚೀನಿ ನಾನು," ಎಂದಳು. "ನೀವು ಮನಿ ಮಾರಾಕತ್ತಿದ್ರಿ. ಥೂ ನಿಮ್ಮ!"

ಇನ್ನು ಚಹಾದಂಗಡಿ. ಯುದ್ಧಕ್ಕೆ ಹೊರಟವರಿಗೂ ಮೈಮೇಲೆ ಕವಚವಿರುತ್ತದೆ. ಗವಿಸಿದ್ದಪ್ಪನ ಮೈಮೇಲೆ ಬಣ್ಣ ಸಿಡಿದ ಬನಿಯನ್ನು ಮಾತ್ರ ಇತ್ತು. ಎಲ್ಲರೂ ಇದ್ದರು. ಗಿಡ್ಡಪ್ಪ ಮಾಮೂಲಿ ಬೆಂಚಿನಲ್ಲಿ ಬಸಿಗೆ ಚಹಾ ಸುರಿದುಕೊಳ್ಳುತ್ತಿದ್ದ.

"ನಾ ಮನಿ ಮಾರಾಕತ್ತೀನಿ," ಎಂದ ಗವಿಸಿದ್ದಪ್ಪ. "ಐದು ತಿಂಗಳಾತು. ಯಾರೂ ತಗೊಳ್ಳವಲ್ರು. ಮನಿ ನೋಡಾಕ ಬಂದವರನ್ನ ಮಗಳ ನೋಡಾಕ ಬಂದವರು ಅಂತ ನಾನ ಸುಳ್ಳ ಹೇಳೀನಿ. ನನ್ನ ಮಗಳನ್ನ ಯಾರೂ ಬ್ಯಾಡ ಅಂದಿಲ್ಲ. ನನ್ನ ಮನಿ ಬ್ಯಾಡ ಅಂದಾರ."

ಒಬ್ಬ ನಗಲು ಹೋಗಿ ಕೆಮ್ಮಿದ. ಗಿಡ್ಡಪ್ಪ ಬಸಿಯನ್ನು ಕೆಳಗಿಟ್ಟ.

"ಐದು ತಿಂಗಳಂದ್ರ," ಎಂದ, "ಆ ಹೊಸಪೇಟಿ ಗಿರಾಕಿ ಬಂದಾಗ ನನಗ ಮಾರಬ್ಯಾಡ ಅಂದ್ರಿ, ನೀವು ಆಗಲೇ ಮಾರಾಕ ಹಚ್ಚಿದ್ರಿ."

"ಹೌದು."

"ಹಂಗಾರ ರೇಟು ಬರ್ತೈತೋ ಇಲ್ಲೋ?"

ಇಡೀ ಅಂಗಡಿ ಆತನ ಬಾಯಿ ನೋಡಿತು. ಗವಿಸಿದ್ದಪ್ಪ ಬದುಕಿನಲ್ಲಿ ಮೊದಲ ಸಲ ಆ ಮಾತನ್ನು ಹೊರಗೆ ತೆಗೆದ. ಬಹಳ ವರ್ಷ ಮುಚ್ಚಿಟ್ಟಿದ್ದರಿಂದ ಅದು ತುಕ್ಕು ಹಿಡಿದು ಕೀರಲಾಗಿ ಬಂತು.

"ಗೊತ್ತಿಲ್ಲ, ಗಿಡ್ಡಪ್ಪಾ."

ಗಿಡ್ಡಪ್ಪ ಬೈಯಲಿಲ್ಲ. ಚಹಾವನ್ನು ಅಲ್ಲೇ ಬಿಟ್ಟು ಎದ್ದು ಹೋದ. ಬಸಿಯಲ್ಲಿ ಅದು ಕೆನೆಗಟ್ಟುವವರೆಗೂ ಗವಿಸಿದ್ದಪ್ಪ ನೋಡುತ್ತ ಕೂತಿದ್ದ.

ಒಂದು ತಿಂಗಳು ಕಳೆಯಿತು. ಮನೆ ಮಾರಾಟವಾಗಲಿಲ್ಲ. ಶೈಲಜಾ ಅಪ್ಪನಿಗೆ ಚಹಾ ತಂದಿಡುತ್ತಿದ್ದಳು, ಮಾತಿಡುತ್ತಿರಲಿಲ್ಲ. ಬೋರ್ಡಿನ ಸುದ್ದಿಯೂ ಅದೇ ಬಸ್ಸು ಹತ್ತಿರಬೇಕು, ಒಂದು ಭಾನುವಾರ ಗೇಟಿನ ಮುಂದೆ ಕಾರು ನಿಂತಿತು. ತಾವರಗೇರಾದಿಂದ ಸಿದ್ದೇಶ, ಆತನ ತಾಯಿ, ಇಬ್ಬರು ಹಿರಿಯರು. ಅವರು ಬೋರ್ಡನ್ನು ಓದುತ್ತಿರುವಾಗಲೇ ಗೋಡೆಯ ಮೇಲಿಂದ ಹಸನಬೀ ಎಚ್ಚರಿಸಿದಳು:

"ಬಾಗಲ ದಕ್ಷಿಣಕ್ಕೈತ್ರಿ! ಇಪ್ಪತ್ತೆರಡು ಮೆಟ್ಟಲ! ನೋಡಿಕೊಂಡು ಹೇಳ್ರಿ, ಸುಮ್ಮನ ಉಪ್ಪಿಟ್ಟು ತಿಂದು ಹೋಗಬ್ಯಾಡ್ರಿ!"

ತಾಯಿ ಸಿದ್ದೇಶನ ಮುಖ ನೋಡಿದಳು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಗವಿಸಿದ್ದಪ್ಪ ಧಡಧಡ ಇಳಿದುಬಂದ. ಮೆಟ್ಟಿಲ ಬುಡದಲ್ಲಿ ನಿಂತು, ಎದೆ ತುಂಬ ಉಸಿರೆಳೆದುಕೊಂಡು, ನಿವೃತ್ತಿಯ ದಿನದಿಂದ ಬಳಸದಿದ್ದ ತುಂಬು ದನಿಯಲ್ಲಿ ಸಾರಿದ:

"ಎಲ್ಲಾರೂ ಕೇಳ್ರಿ! ಇವರು ಮನಿ ನೋಡಾಕ ಬಂದವರಲ್ಲ! ನಮ್ಮ ಶೈಲಜಾನ ಸಲುವಾಗಿ ಬಂದವರು!"

ಚಹಾದಂಗಡಿಯವರೆಗೂ ಮುಟ್ಟಿರಬೇಕು. ಎಲ್ಲೋ ಒಬ್ಬರು ಕಿಸಕ್ಕೆಂದರು. ಇನ್ನೊಬ್ಬರು, "ಎಂಟನೇದವರು!" ಎಂದರು. ಒಬ್ಬರೂ ನಂಬಲಿಲ್ಲ. ಗವಿಸಿದ್ದಪ್ಪನ ಕಿವಿ ಬಿಸಿಯಾದವು. ಆ ದನಿಯಲ್ಲಿ ಇನ್ನು ಹೇಳುವಂಥದ್ದು ಏನೂ ಉಳಿದಿರಲಿಲ್ಲ.

ಹಸನಬೀ ಆತನನ್ನು ದಾಟಿ ಮೇಲೆ ನೋಡಿದಳು. ಅಲ್ಲಿ ಕೊನೆಯ ಮೆಟ್ಟಿಲಲ್ಲಿ ಶೈಲಜಾ ನಿಂತಿದ್ದಳು.

"ಹೌದೇನವ್ವಾ?" ಎಂದು ಹಸನಬೀ ಕೇಳಿದಳು.

"ಹೌದು ಚಾಚೀ," ಎಂದಳು ಶೈಲಜಾ, ಮೆಲ್ಲಗೆ.

ಅಷ್ಟೇ. ಓಣಿ ನಂಬಿತು. ಸಿದ್ದೇಶನ ತಾಯಿ ಸೆರಗು ಸರಿಮಾಡಿಕೊಂಡು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಗವಿಸಿದ್ದಪ್ಪ ಗೋಡೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಅವರಿಗೆ ಹಾದಿ ಬಿಟ್ಟ.